ಡೆಬಿಯನ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಸ್ವಯಂಚಾಲಿತ ಪರೀಕ್ಷೆ

ಡೆಬಿಯನ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ನೋಡ್.ಜೆಎಸ್ ಮಾಡ್ಯೂಲ್‌ಗಳನ್ನು ಪ್ಯಾಕೇಜುಗಳ ರೂಪದಲ್ಲಿ ವಿತರಿಸಲಾಗುತ್ತದೆ. ಅನುಸ್ಥಾಪಿಸಿದ ನಂತರ ಇವು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂಬುದನ್ನು 'ಆಟೊಪಿಕೆಜಿಟೆಸ್ಟ್' ಎಂಬ ತಂತ್ರಾಂಶದ ಮೂಲಕ ಪರೀಕ್ಷಿಸಲಾಗುತ್ತದೆ.

ಅಗತ್ಯ

ಪ್ಯಾಕೇಜನ್ನು ಸಿದ್ಧಪಡಿಸುವಾಗಿನ ಪರೀಕ್ಷೆಯು ಮೂಲ ಸಂಕೇತದ ಕಡತಗಳ ನಡುವೆಯೇ ನಡೆಯುತ್ತದೆ. ಅಲ್ಲಿ ಎಲ್ಲ ಕಡತಗಳೂ ಇರುವುದರಿಂದ, ಯಾವುದಾದರೂ ಕಡತ ಪ್ಯಾಕೇಜಿಗೆ ಸೇರದೆ ಉಳಿದಿದ್ದರೆ ಆ ಕೊರತೆ ಕಾಣಿಸುವುದಿಲ್ಲ. ಅಲ್ಲದೆ, ಎನ್‌ಪಿಎಂ ಬಳಸುವಾಗ ಪ್ರತಿ ಮಾಡ್ಯೂಲ್ ತನಗೆ ಬೇಕಾದ ಅವಲಂಬನೆಯ ಆವೃತ್ತಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ಡೆಬಿಯನ್‌ನಲ್ಲಿ ಸಾಮಾನ್ಯವಾಗಿ ಒಂದೇ ಆವೃತ್ತಿಯನ್ನು ಎಲ್ಲ ಪ್ಯಾಕೇಜುಗಳೂ ಹಂಚಿಕೊಳ್ಳುತ್ತವೆ. ಆದ್ದರಿಂದ ಒಂದು ಮಾಡ್ಯೂಲ್‌ನ ನವೀಕರಣವು ಹಲವು ಪ್ಯಾಕೇಜುಗಳನ್ನು ಕೆಡಿಸಬಲ್ಲದು.

ವಿಧಾನ

ಪರೀಕ್ಷೆಯು ಪ್ರತ್ಯೇಕ ಪರಿಸರವೊಂದರಲ್ಲಿ ಎರಡು ಹಂತಗಳಲ್ಲಿ ನಡೆಯುತ್ತದೆ:

1. ಅನುಸ್ಥಾಪಿತ ಮಾಡ್ಯೂಲನ್ನು 'ರಿಕ್ವೈರ್' ಆದೇಶದಿಂದ ಲೋಡ್ ಮಾಡಲಾಗುತ್ತದೆ. ಲೋಡ್ ಆದ ಮಾತ್ರಕ್ಕೆ ಮಾಡ್ಯೂಲ್ ಸರಿಯಾದ ಫಲಿತಾಂಶ ನೀಡುತ್ತದೆ ಎನ್ನಲಾಗದು. ಆದ್ದರಿಂದ ಇದನ್ನು ಮೇಲ್ನೋಟದ ಪರೀಕ್ಷೆಯೆಂದು ಪರಿಗಣಿಸಲಾಗುತ್ತದೆ.
2. ಮಾಡ್ಯೂಲ್‌ನ ಮೂಲ ಅಭಿವೃದ್ಧಿಕಾರರು ಬರೆದ ಪರೀಕ್ಷಾ ಕಡತಗಳನ್ನು ತಾತ್ಕಾಲಿಕ ಕಡತಕೋಶಕ್ಕೆ ನಕಲಿಸಿ, ಅನುಸ್ಥಾಪಿತ ಮಾಡ್ಯೂಲ್‌ನ ಮೇಲೆ ಚಲಾಯಿಸಲಾಗುತ್ತದೆ.

ಪರಿಣಾಮ

ಹೊಸ ಆವೃತ್ತಿಯು ಮೊದಲು 'ಅನ್‌ಸ್ಟೇಬಲ್' ಶಾಖೆಯನ್ನು ಸೇರುತ್ತದೆ. ಅಲ್ಲಿಂದ 'ಟೆಸ್ಟಿಂಗ್' ಶಾಖೆಗೆ ಸಾಗುವ ಮೊದಲು ಅದರ ಪರೀಕ್ಷೆಗಳ ಜೊತೆಗೆ, ಅದನ್ನು ಅವಲಂಬಿಸಿರುವ ಪ್ಯಾಕೇಜುಗಳ ಪರೀಕ್ಷೆಗಳನ್ನೂ ನಡೆಸಲಾಗುತ್ತದೆ. ಹಿಂದೆ ಯಶಸ್ವಿಯಾಗಿದ್ದ ಪರೀಕ್ಷೆಯೊಂದು ಹೊಸ ಆವೃತ್ತಿಯಿಂದಾಗಿ ವಿಫಲವಾದರೆ ಅದರ ಪ್ರವೇಶವನ್ನು ತಡೆಹಿಡಿಯಲಾಗುತ್ತದೆ. ಮುಂದಿನ ಸ್ಥಿರ ಬಿಡುಗಡೆಯು 'ಟೆಸ್ಟಿಂಗ್' ಶಾಖೆಯಿಂದಲೇ ರೂಪುಗೊಳ್ಳುವುದರಿಂದ, ಪರೀಕ್ಷೆಯಲ್ಲಿ ಪತ್ತೆಯಾದ ಇಂತಹ ದೋಷಗಳು ಸಾಮಾನ್ಯ ಬಳಕೆದಾರರನ್ನು ತಲುಪುವ ಮೊದಲೇ ನಿವಾರಣೆಯಾಗಲು ಅವಕಾಶ ದೊರೆಯುತ್ತದೆ.