ಅಣುಚಿತ್ರವೂ ಅದರ ಸುತ್ತಣ ಪುಟವೂ

ಈಥೇನ್ ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳ ನಡುವಣ ದೂರ ಸುಮಾರು 1.54 ಆಂಗ್‌ಸ್ಟ್ರಾಂ, ಈಥೀನಿನಲ್ಲಿ 1.34. (ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು.) ದ್ವಿಬಂಧವು ಏಕಬಂಧಕ್ಕಿಂತ ಗಿಡ್ಡ ಎಂಬ ಈ ಪಾಠಕ್ಕಾಗಿ ಅಧ್ಯಾಪಕರೊಬ್ಬರು ಒಂದು ಜಾಲಪುಟವನ್ನು ರಚಿಸಿದರೆಂದು ಭಾವಿಸೋಣ. ನಡುವೆ ಜೇಮೋಲ್ ಎಂಬ ಅಣುದರ್ಶಕ. ಪಕ್ಕದಲ್ಲಿ ‘ಈಥೇನ್’, ‘ಈಥೀನ್’ ಎಂಬ ಎರಡು ಗುಂಡಿಗಳು. ಕೆಳಗೆ ದೂರವನ್ನು ತೋರಿಸುವ ಚೌಕ. ವಿದ್ಯಾರ್ಥಿಯು ಎರಡನೆಯ ಗುಂಡಿಯನ್ನು ಒತ್ತುತ್ತಾನೆ. ಚಿತ್ರ ಬದಲಾಗುತ್ತದೆ, ಚೌಕದಲ್ಲಿ ಮಾತ್ರ 1.54 ಎಂದೇ ಇದೆ! ಅಳತೆಯಲ್ಲಿ ತಪ್ಪಿಲ್ಲ, ಅಣುವಿನಲ್ಲಿಯೂ ತಪ್ಪಿಲ್ಲ. ಹಾಗಾದರೆ ಈ ಸುಳ್ಳು ಹುಟ್ಟಿದುದೆಲ್ಲಿ?

ಕಣ್ಣಿಗೆ ಒಂದೇ ಎಂದು ತೋರುವ ಆ ಪುಟದಲ್ಲಿ ನಿಜವಾಗಿ ಇಬ್ಬರು ಕೆಲಸಗಾರರಿದ್ದಾರೆ. ಗುಂಡಿಗಳನ್ನೂ ಚೌಕವನ್ನೂ ನಡೆಸುವುದು ಜಾವಾಸ್ಕ್ರಿಪ್ಟ್. ಅಣುವನ್ನು ತಿರುಗಿಸುವುದು, ಅಳೆಯುವುದು ಜೇಮೋಲಿನ ಪಾಲಿನ ಕೆಲಸ; ಅದಕ್ಕೆ ತನ್ನದೇ ಆದ ಆಜ್ಞಾಭಾಷೆಯುಂಟು, ತನ್ನವೇ ಆದ ಚರಾಕ್ಷರಗಳೂ ಉಂಟು. ಇವನ ‘ದೂರ’ವೂ ಅವನ ‘ದೂರ’ವೂ ಒಂದೇ ಹೆಸರಿನ ಎರಡು ಊರುಗಳಂತೆ: ಒಂದರ ಸುದ್ದಿ ಇನ್ನೊಂದಕ್ಕೆ ತಾನಾಗಿ ಮುಟ್ಟದು. ಮೊದಲು ಜಾವಾ ಭಾಷೆಯಲ್ಲಿದ್ದ ಜೇಮೋಲನ್ನು ಅಮೆರಿಕದ ಸೇಂಟ್ ಓಲಾಫ್ ಕಾಲೇಜಿನ ರಾಬರ್ಟ್ ಹ್ಯಾನ್ಸನ್ ಮತ್ತು ಸಂಗಡಿಗರು ಜಾವಾಸ್ಕ್ರಿಪ್ಟಿಗೆ ತಂದ ಮೇಲೂ ಈ ಬೇಲಿ ಉಳಿದುಕೊಂಡಿತು.

ಪುಟದಿಂದ ಜೇಮೋಲಿಗೆ ಬೆಲೆಯನ್ನು ಕಳುಹಿಸುವುದು ಸುಲಭ. ಅದನ್ನು ಆಜ್ಞೆಯ ವಾಕ್ಯದೊಳಗೆ ಅಕ್ಷರರೂಪದಲ್ಲಿ ಸೇರಿಸಿದರಾಯಿತು. ಹಿಂದಕ್ಕೆ ತರಲು ‘ಇವ್ಯಾಲ್ಯುಯೇಟ್‌ವಾರ್’ ಎಂಬ ಪ್ರಶ್ನೆಯಿದೆ. ತೊಡಕೂ ಇಲ್ಲಿಯೇ. ಆಜ್ಞೆಗಳು ಸರದಿಯಲ್ಲಿ ಕಾಯುತ್ತವೆ. ಪ್ರಶ್ನೆಗಾದರೋ ಆ ಕ್ಷಣದಲ್ಲೇ ಉತ್ತರ. ‘ಈಥೀನನ್ನು ತಾ’ ಎಂದ ಬೆನ್ನಿಗೇ ‘ದೂರವೆಷ್ಟು?’ ಎಂದು ಕೇಳಿದರೆ, ಹೊಸ ಅಣುವಿನ ಕಡತ ಇನ್ನೂ ಬಂದಿರುವುದಿಲ್ಲ. ಜೇಮೋಲ್ ತನ್ನ ಮುಂದಿರುವ ಈಥೇನನ್ನೇ ಅಳೆದು ಪ್ರಾಮಾಣಿಕವಾಗಿ ಉತ್ತರಿಸುತ್ತದೆ. ತಪ್ಪಾಯಿತೆಂಬ ಸೂಚನೆಯನ್ನೂ ಅದು ಕೊಡುವುದಿಲ್ಲ. ಅದರ ಮಟ್ಟಿಗೆ ತಪ್ಪೇ ಆಗಿಲ್ಲವಲ್ಲ!

ಆದುದರಿಂದ ಕೇಳುವ ಕ್ರಮವನ್ನೇ ತಿರುಗಿಸಬೇಕು. ಅಣು ಬಂದೊಡನೆ ಪುಟದ ಇಂಥ ಕಾರ್ಯವನ್ನು ಕರೆ ಎಂದು ಜೇಮೋಲಿಗೆ ಮೊದಲೇ ಹೇಳಿಡಬಹುದು. ಇದಕ್ಕೆ ‘ಕಾಲ್‌ಬ್ಯಾಕ್’ ಎಂದು ಹೆಸರು. ಕರೆ ಬಂದ ಮೇಲೆ ದೂರವನ್ನು ಕೇಳಿದರೆ ಚೌಕದಲ್ಲಿ 1.34 ಮೂಡುತ್ತದೆ.

ಎಣಿಕೆಯಲ್ಲಿಯೂ ಎಚ್ಚರ ಬೇಕು. ಜೇಮೋಲಿನಲ್ಲಿ ಪರಮಾಣುವಿನ ಕಡತಸಂಖ್ಯೆ ಸಾಮಾನ್ಯವಾಗಿ 1ರಿಂದ ತೊಡಗಿದರೆ, ಒಳಗಿನ ಸೂಚ್ಯಂಕ 0ಯಿಂದ ತೊಡಗುತ್ತದೆ. ಇಂಗಾಲಗಳೆರಡೂ ಕಡತದ ಮೊದಲಲ್ಲಿರುವಾಗ ಸೂಚ್ಯಂಕ 1 ಮತ್ತು 2ರ ನಡುವಣ ದೂರವನ್ನು ಕೇಳಿದಿರೋ, ಸಿಕ್ಕುವುದು ಇಂಗಾಲಕ್ಕೂ ಜಲಜನಕಕ್ಕೂ ನಡುವಣ ದೂರ.