ಸೀಟು ಸಿಕ್ಕಿತು, ಊಟ ಎಲ್ಲಿ?



ನಿಮ್ಮೊಡನೆ ಓದಿ, ನಿಮಗಿಂತ ಹೆಚ್ಚು ಅಂಕ ತೆಗೆದ ಗೆಳೆಯನೊಬ್ಬ ಪಿ.ಯು.ಸಿ. ಮುಗಿದ ಮೇಲೆ ಗಾರೆ ಕೆಲಸಕ್ಕೆ ಹೋದದ್ದನ್ನು ಅಥವಾ ಗೆಳತಿಯೊಬ್ಬಳು ಗಾರ್ಮೆಂಟ್ಸ್ ಕಾರ್ಖಾನೆ ಸೇರಿದ್ದನ್ನು ನೀವು ಕಂಡಿರಬಹುದು. "ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ಅಷ್ಟೇನೂ ಇಲ್ಲವಲ್ಲ, ಓದಬಹುದಿತ್ತು" ಎಂದು ಊರಿನವರು ಹೇಳುತ್ತಾರೆ. ಈ ಮಾತು ಎಷ್ಟು ಸರಿ? ಬನ್ನಿ, ಲೆಕ್ಕ ಹಾಕಿ ನೋಡೋಣ.

2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 349 ರೂಪಾಯಿ ಇತ್ತು. ಹದಿನೆಂಟರ ಹುಡುಗನೊಬ್ಬ ಅದೇ ದರದಲ್ಲಿ ಎಲ್ಲಾದರೂ ವರ್ಷಕ್ಕೆ 200 ದಿನ ಕೂಲಿ ಮಾಡಿದರೆ 69,800 ರೂಪಾಯಿ ಮನೆಗೆ ಬರುತ್ತದೆ. ಪದವಿಯ ಮೂರು ವರ್ಷಕ್ಕೆ ಇದು 2 ಲಕ್ಷ 9 ಸಾವಿರದ 400 ರೂಪಾಯಿ. ಅವನು ಕಾಲೇಜಿಗೆ ಹೋದರೆ ಈ ಹಣ ಮನೆಗೆ ಬರುವುದಿಲ್ಲ. ಇದರ ಮೇಲೆ ಊಟ, ವಸತಿ, ಬಸ್ಸು, ಪುಸ್ತಕಗಳ ಖರ್ಚು ಬೇರೆ. ಸರ್ಕಾರಿ ಕಾಲೇಜಿನ ಶುಲ್ಕ ಈ ಮೊತ್ತದ ಮುಂದೆ ಬಹಳ ಚಿಕ್ಕದು. ಅರ್ಥಶಾಸ್ತ್ರಜ್ಞರು ಹೀಗೆ ಕೈತಪ್ಪುವ ಗಳಿಕೆಯನ್ನು 'ಅವಕಾಶ ವೆಚ್ಚ' ಎನ್ನುತ್ತಾರೆ. ಉಳ್ಳವರ ಮನೆಯಲ್ಲಿ ಈ ವೆಚ್ಚ ಯಾರ ಗಮನಕ್ಕೂ ಬರುವುದಿಲ್ಲ. ಕೂಲಿಯವರ ಮನೆಯಲ್ಲಿ ಅದು ಒಲೆಯ ಮೇಲಿನ ಪಾತ್ರೆಯಲ್ಲೇ ಕಾಣುತ್ತದೆ.

ಆದ್ದರಿಂದ ಬಡ ವಿದ್ಯಾರ್ಥಿಯ ಪ್ರಶ್ನೆ ಎರಡು. ಸೀಟು ಸಿಗುತ್ತದೆಯೇ ಎಂಬುದು ಮೊದಲನೆಯದು. ಸಿಕ್ಕ ಮೇಲೆ ಮೂರು ವರ್ಷ ಅಲ್ಲಿ ಉಳಿಯಲು ಸಾಧ್ಯವೇ ಎಂಬುದು ಎರಡನೆಯದು. ನಮ್ಮ ನಾಡಿನ ಹಿರಿಯರು ಈ ಎರಡನೆಯ ಪ್ರಶ್ನೆಯನ್ನು ಬಹಳ ಹಿಂದೆಯೇ ಅರಿತಿದ್ದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿ ಓದುವ 'ವಾರಾನ್ನ'ದ ಪದ್ಧತಿ ಹುಟ್ಟಿದ್ದು ಇದಕ್ಕೇ. ಆದರೆ ವಾರಾನ್ನ ಎಲ್ಲ ಜಾತಿಯ ಹುಡುಗರಿಗೂ ಸಿಗುತ್ತಿರಲಿಲ್ಲ. ಹುಡುಗಿಯರಿಗಂತೂ ದೂರವೇ ಉಳಿಯಿತು. ಆ ಕೊರತೆಯನ್ನು ತುಂಬಲು ಸಂಘಗಳು, ಮಠಗಳು, ಅನಂತರ ಸರ್ಕಾರ ವಿದ್ಯಾರ್ಥಿನಿಲಯಗಳನ್ನು ತೆರೆದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ನೀಡಿದರು. 2019ರಲ್ಲಿ ಅವರು ಲಿಂಗೈಕ್ಯರಾದಾಗ ಕಣ್ಣೀರಿಟ್ಟವರಲ್ಲಿ ಅಲ್ಲಿ ಉಂಡು ಓದಿ ನೌಕರಿ ಹಿಡಿದವರು ಅಸಂಖ್ಯ.

ಕವಿ ಸಿದ್ಧಲಿಂಗಯ್ಯನವರ ಬಾಳು ನಿಮಗೆ ಗೊತ್ತಿರಬಹುದು. ಕೂಲಿ ಮಾಡುವ ತಂದೆತಾಯಿಯ ಮಗ, ಬೆಂಗಳೂರಿನ ಗೋಪಾಲಪುರದ ಹಾಸ್ಟೆಲಿನಲ್ಲಿದ್ದು ಓದಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ವಿಧಾನ ಪರಿಷತ್ತಿನ ಸದಸ್ಯರಾದರು. ತಮ್ಮ ಆತ್ಮಕಥೆ 'ಊರುಕೇರಿ'ಯಲ್ಲಿ ಆ ಹಾಸ್ಟೆಲಿನ ದಿನಗಳನ್ನು ಅವರು ನಗುನಗುತ್ತಲೇ ಬರೆದಿದ್ದಾರೆ. ಒಂದು ಮನೆತನ ಒಂದೇ ತಲೆಮಾರಿನಲ್ಲಿ ಕೂಲಿಯಿಂದ ಪ್ರಾಧ್ಯಾಪಕ ವೃತ್ತಿಗೆ ಏರಿತು. ಆರ್ಥಿಕ ಚಲನೆ ಎಂದರೆ ಇದೇ.

ಹಾಗಾದರೆ ಇಂದು ಪರಿಸ್ಥಿತಿ ಹೇಗಿದೆ? ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ 18ರಿಂದ 23 ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣದ ದಾಖಲಾತಿ ದೇಶದಲ್ಲಿ ನೂರಕ್ಕೆ 28.4, ಕರ್ನಾಟಕದಲ್ಲಿ 36.2. ದೇಶದ ಪರಿಶಿಷ್ಟ ಜಾತಿಯವರಲ್ಲಿ ಇದು 25.9; ಪರಿಶಿಷ್ಟ ಪಂಗಡದವರಲ್ಲಿ 21.2. ನಮ್ಮ ರಾಜ್ಯ ಮುಂದಿದೆ, ನಿಜ. ಆದರೂ ಕಾಲೇಜಿನ ಹೊರಗೆ ಉಳಿದವರೇ ಹೆಚ್ಚು.

ನೆರವಿನ ದಾರಿಗಳು ಹಲವಿವೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು, ವಿದ್ಯಾರ್ಥಿವೇತನಗಳು ನಿಮಗೆ ತಿಳಿದಿರಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ 2013-14ರಲ್ಲಿ 'ವಿದ್ಯಾಸಿರಿ' ಆರಂಭವಾಯಿತು. ಆಗ ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು ಕೊಡಲಾಗುತ್ತಿತ್ತು. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ 'ಶಕ್ತಿ' ಯೋಜನೆ ಜಾರಿಗೆ ಬಂದು, ಹಳ್ಳಿಯಿಂದ ಓಡಾಡುವ ಹುಡುಗಿಯರ ಒಂದು ಖರ್ಚು ಇಳಿಯಿತು. ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿ.ಸಿ.ಇ.ಟಿ. ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ. ಬೇಗ ಒಂದು ಕೈಕಸುಬು ಕಲಿಯಬೇಕಾದವರಿಗೆ ಇದು ಒಳ್ಳೆಯ ದಾರಿ.

ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದುವ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಆ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಿರುತ್ತದೆ ಎಂಬುದನ್ನು ಮರೆಯಬೇಡಿ. ಬಡ್ಡಿಯ ಸಹಾಯಧನ ನಿಮಗೆ ಅನ್ವಯಿಸುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ ತಿಳಿಯಿರಿ.

ಈ ಸೌಲಭ್ಯಗಳು ಇದ್ದೂ ಅನೇಕರಿಗೆ ದಕ್ಕುವುದಿಲ್ಲ, ಏಕೆ? ಬಹಳ ಸಲ ಕಾರಣ ತುಂಬ ಸಣ್ಣದು. ಜಾತಿ-ಆದಾಯ ಪ್ರಮಾಣಪತ್ರ ಸಕಾಲಕ್ಕೆ ಮಾಡಿಸಿರುವುದಿಲ್ಲ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಸುದ್ದಿ ಮುಟ್ಟುತ್ತದೆ. ಓದಿದವರಿರುವ ಮನೆಯಲ್ಲಿ ಅಣ್ಣನೋ ಅತ್ತೆಯೋ ಇದನ್ನೆಲ್ಲ ಹೇಳಿಕೊಡುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರಿಗೆ ಹೇಳುವವರಿಲ್ಲ. ತಿಳಿವಳಿಕೆ ಕೂಡ ಒಂದು ಆಸ್ತಿ. ಅದು ಉಳ್ಳವರ ಮನೆಯಲ್ಲೇ ಹೆಚ್ಚು ಇದೆ. ಆದ್ದರಿಂದ ನೀವು ದ್ವಿತೀಯ ಪಿ.ಯು.ಸಿ.ಯಲ್ಲಿದ್ದರೆ ಪರೀಕ್ಷೆಗೆ ಮೊದಲೇ ನಾಡಕಚೇರಿಗೆ ಹೋಗಿ ಬನ್ನಿ. ಫಲಿತಾಂಶ ಬಂದ ಮೇಲೆ ಅಲ್ಲಿ ಸಾಲು ಉದ್ದವಾಗಿರುತ್ತದೆ.

ಪದವಿ ಪಡೆದ ಕೂಡಲೇ ಬಡತನ ಕಳೆಯುತ್ತದೆಯೇ? ಹಾಗೆಂದು ಭರವಸೆ ಕೊಡಲಾಗದು. ಪದವೀಧರರಾಗಿಯೂ ಕೆಲಸಕ್ಕೆ ಅಲೆಯುವವರು ನಿಮ್ಮ ಊರಿನಲ್ಲೇ ಇರಬಹುದು. ಆದರೆ ಪದವಿ ಇಲ್ಲದವರಿಗೆ ಅರ್ಜಿ ಹಾಕಲೂ ಅವಕಾಶವಿಲ್ಲದ ಹುದ್ದೆಗಳು ಎಷ್ಟೋ ಇವೆ. ಮೂರು ವರ್ಷಗಳ ಕೂಲಿ ಬಿಟ್ಟು ಮುಂದಿನ ಮೂವತ್ತು ವರ್ಷಗಳ ಸಾಧ್ಯತೆಯನ್ನು ಕೊಳ್ಳುವುದೇ ಈ ವ್ಯವಹಾರ. ಆ ಮೂರು ವರ್ಷದ ಹೊರೆಯನ್ನು ಒಂದು ಬಡ ಮನೆ ಒಂಟಿಯಾಗಿ ಹೊರಲಾರದು. ಸಮಾಜ ಹೆಗಲು ಕೊಡಬೇಕು. ಹಾಸ್ಟೆಲಿನ ಅನ್ನವನ್ನು ಭಿಕ್ಷೆ ಎಂದು ಭಾವಿಸಿ ಸಂಕೋಚಪಡುವ ಕಾರಣವಿಲ್ಲ. ಅದು ನಾಡು ತನ್ನ ನಾಳೆಗಾಗಿ ಹೂಡಿದ ಬಂಡವಾಳ.

ಕೊನೆಗೆ ಒಂದು ಕೆಲಸ. ಕಾಲೇಜು ಬಿಟ್ಟ ಆ ಗೆಳೆಯನನ್ನೋ ಗೆಳತಿಯನ್ನೋ ಈ ಭಾನುವಾರ ಕಂಡು ಬನ್ನಿ. "ಏಕೆ ಬಿಟ್ಟೆ?" ಎಂದು ಕೇಳುವ ಬದಲು "ಯಾವ ಕಾಗದ ಬೇಕಿತ್ತು? ಯಾವ ಖರ್ಚಿಗೆ ತಡೆಯಾಯಿತು?" ಎಂದು ಕೇಳಿ. ಮುಂದಿನ ವರ್ಷದ ಅರ್ಜಿಗೆ ಇನ್ನೂ ಸಮಯವಿರಬಹುದು.