ಯಾವ ಮೀನಿಗೆ ಯಾವ ಎರೆ?

ಗಾಳ ಹಿಡಿದು ಕೆರೆಯ ದಡದಲ್ಲಿ ಕುಳಿತವನನ್ನು ಕಂಡರೆ 'ಕೆಲಸವಿಲ್ಲದವನು' ಎನ್ನುವುದು ನಮ್ಮಲ್ಲಿ ವಾಡಿಕೆ. ಹಿಂದಿನ ಬೇಸಗೆ ರಜೆಯಲ್ಲಿ ನಾನೂ ಹಾಗೆ ಕುಳಿತವನೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಎರೆಹುಳು ಸಿಕ್ಕಿಸಿ ಸಿಕ್ಕಿಸಿ ಕೈ ಸೋತಿತೇ ಹೊರತು, ಕಣ್ಣೆದುರಿಗೇ ನೀರಿನ ಮೇಲ್ಪದರದಲ್ಲಿ ಸುಳಿಯುತ್ತಿದ್ದ ಕಾಟ್ಲಾ ಮೀನುಗಳಲ್ಲಿ ಒಂದಾದರೂ ನನ್ನ ಗಾಳದ ಕಡೆ ತಿರುಗಲಿಲ್ಲ. ಎಮ್ಮೆಗಳಿಗೆ ನೀರು ಕುಡಿಸಲು ಬಂದ ನಮ್ಮೂರಿನ ತಾತನೊಬ್ಬರು ಸ್ವಲ್ಪ ಹೊತ್ತು ನೋಡಿ ಕೇಳಿದರು:

"ಎರೆ ಏನಾಕಿದ್ದೀಯ ಮಗ?"

"ಎರೆಹುಳ, ತಾತ."

"ಯಾವ ಮೀನ್ಗೆ?"

"ಯಾವುದಾದ್ರೂ ಸರಿ ಅಂತ."

"ಹಂಗಂದ್ರೆ ಯಾವ್ದೂ ಬರಾಕಿಲ್ಲ" ಎಂದು ನಕ್ಕು ಅವರು ಎಮ್ಮೆಗಳ ಹಿಂದೆ ಹೋದರು.

ಆ ಮಾತಿನ ಅರ್ಥವನ್ನು ತಿಳಿಯಲು ಹೊರಟಾಗ ನನಗೆ ದೊರೆತ ಕೆಲವು ಸಂಗತಿಗಳನ್ನು ಗೆಳೆಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರೆ ಎಂದರೆ ಪ್ರಾಣಿಯ ಆಹಾರ. ಗಾಳಕ್ಕೆ ಸಿಕ್ಕಿಸುವ ತಿನಿಸು. ಎರೆಹುಳು ಎಂಬ ಹೆಸರಿನಲ್ಲಿಯೇ ಈ ಬಳಕೆ ಅಡಗಿದೆ. ಇದನ್ನು ಶಾಸ್ತ್ರವಾಗಿ ವಿಚಾರಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಒಂದು ಅಧ್ಯಾಯವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಒಗ್ಗುವ ಆಹಾರ, ಗಾಳ, ದಾರ, ಕೋಲು ಇವೆಲ್ಲವನ್ನೂ ರಾಜನು ಅಲ್ಲಿ ವರ್ಣಿಸಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನವನ್ನು ಅತ್ತ ಸೆಳೆದರು.

ಎರೆಯನ್ನು ಆರಿಸುವವನು ಮೊದಲು ನೋಡಬೇಕಾದದ್ದು ಮೀನಿನ ಬಾಯಿ. ನಮ್ಮ ಕೆರೆಗಳಲ್ಲಿ ಬಿತ್ತನೆ ಮಾಡುವ ಮೂರು ಗೆಂಡೆ ಮೀನುಗಳನ್ನೇ ತೆಗೆದುಕೊಳ್ಳೋಣ. ಕಾಟ್ಲಾದ ತಲೆ ದೊಡ್ಡದು. ಕೆಳದವಡೆ ಮುಂಚಾಚಿ ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ. ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳೇ ಅದರ ಮುಖ್ಯ ಆಹಾರ. ರೋಹುವಿನ ತುಟಿಗೆ ಜಾಲರಿಯಂಥ ಅಂಚಿದೆ. ಅದು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲ್ ಮೀನಿನ ಬಾಯಿ ಕೆಳಮುಖ; ತಳದ ಕೆಸರಿನಲ್ಲಿ ಕೊಳೆತ ಸಸ್ಯಾಂಶವನ್ನು ಅದು ಹುಡುಕುತ್ತದೆ. ಒಂದೇ ಕೆರೆಯಲ್ಲಿ ಮೂರು ಪಂಕ್ತಿಯ ಊಟ! ಇಷ್ಟು ತಿಳಿದ ಮೇಲೆ ನನ್ನ ಎರೆಹುಳುವಿಗೆ ಕಾಟ್ಲಾ ಏಕೆ ಒಲಿಯಲಿಲ್ಲವೆಂಬುದು ಸ್ಪಷ್ಟವಾಯಿತು. ಕಡಲೆಕಾಯಿ ಹಿಂಡಿಯನ್ನೂ ಅಕ್ಕಿಯ ತವುಡನ್ನೂ ಕಲಸಿ, ನೀರಿನಲ್ಲಿ ಮೆಲ್ಲನೆ ಕರಗಿ ಹರಡುವಂತೆ ಉಂಡೆ ಕಟ್ಟಿದರೆ ಆ ಮೀನು ಬಂದೀತು. ಬೆಂಡಿಗೂ ಗಾಳಕ್ಕೂ ನಡುವಿನ ದಾರವನ್ನು ಕಾಟ್ಲಾಗೆ ಗಿಡ್ಡವಾಗಿಯೂ ಮೃಗಾಲ್‌ಗೆ ಉದ್ದವಾಗಿಯೂ ಬಿಡಬೇಕು. ಎಂಥ ರುಚಿಯ ಎರೆಯಾದರೂ ಮೀನು ಉಣ್ಣುವ ಆಳದಲ್ಲಿ ಇಲ್ಲದಿದ್ದರೆ ವ್ಯರ್ಥ.

ಇನ್ನು ಬೇಟೆಯಾಡಿ ಬದುಕುವ ಮೀನುಗಳ ಬಗೆ ಬೇರೆ. ಹಾವಿನಂಥ ತಲೆಯುಳ್ಳ ಕೊರಮೀನು ಜೊಂಡಿನ ಮರೆಯಲ್ಲಿ ಹೊಂಚು ಹಾಕುತ್ತದೆ. ಗಾಳಿಯನ್ನು ನುಂಗಲು ಆಗಾಗ ಮೇಲೆ ಬರುತ್ತದೆ. ಅದಕ್ಕೆ ಹಿಟ್ಟಿನ ಉಂಡೆ ಬೇಡ, ಅಲುಗಾಡುವ ಜೀವ ಬೇಕು. ಆದುದರಿಂದ ಹಳಬರು ಕಪ್ಪೆಯನ್ನೋ ಸಣ್ಣ ಮೀನನ್ನೋ ಜೀವಂತವಾಗಿ ಸಿಕ್ಕಿಸುತ್ತಿದ್ದರು. ಈಗ ಅಂಗಡಿಯಲ್ಲಿ ರಬ್ಬರಿನ ಕಪ್ಪೆ ಸಿಗುತ್ತದೆ. ಅದನ್ನು ಜೊಂಡಿನ ಮೇಲೆ ಕುಪ್ಪಳಿಸುವಂತೆ ಎಳೆದರೆ ಕೊರಮೀನು ಹಾರಿ ಕಚ್ಚುತ್ತದೆ. ಬಾಳೆಮೀನಿಗೆ ಉದ್ದವಾದ ಮೀಸೆಗಳುಂಟು. ಅದು ಹೆಚ್ಚಾಗಿ ಇರುಳಿನಲ್ಲಿ ಮೀಸೆಯ ಸ್ಪರ್ಶದಿಂದಲೂ ವಾಸನೆಯಿಂದಲೂ ಆಹಾರವನ್ನು ಅರಸುತ್ತದೆ. ಅಂಥದಕ್ಕೆ ಮಾಂಸದ ತುಣುಕು, ಕೋಳಿಯ ಕರುಳು ತಕ್ಕ ಎರೆ.

ಎರಡನೆಯದಾಗಿ ನೋಡಬೇಕಾದದ್ದು ನೀರು. ಮೀನಿಗೆ ಕಣ್ಣು, ಮೂಗುಗಳಲ್ಲದೆ ಮೈಯ ಎರಡು ಪಕ್ಕಗಳಲ್ಲೂ ತಲೆಯಿಂದ ಬಾಲದವರೆಗೆ ಓಡುವ ಒಂದು ಸಂವೇದನೆಯ ಗೆರೆಯಿದೆ. ನೀರಿನ ನಡುಕವನ್ನು ಅದು ಗ್ರಹಿಸುತ್ತದೆ. ಚಮಚದಂಥ ಲೋಹದ ಹುಸಿ ಎರೆ ಕೆಲಸ ಮಾಡುವುದು ಹೀಗೆಯೇ. ಎಳೆದಾಗ ಅದು ಹೊರಳಿ ಹೊಳೆಯುತ್ತದೆ, ಗಾಯಗೊಂಡ ಸಣ್ಣ ಮೀನಿನಂತೆ ನೀರನ್ನು ನಡುಗಿಸುತ್ತದೆ. ನೀರು ತಿಳಿಯಾಗಿರುವ ದಿನಗಳಲ್ಲಿ ಇದು ಫಲಕಾರಿ. ಮುಂಗಾರಿನ ಮೊದಲ ಮಳೆಗೆ ಕೆಂಪು ನೀರು ಬಂದಾಗ ಹೊಳಪು ಯಾರಿಗೆ ಕಾಣಬೇಕು? ಆಗ ವಾಸನೆಯ ಎರೆಯೇ ಮೇಲು. ಮಳೆಗೆ ಮಣ್ಣಿನಿಂದ ಕೊಚ್ಚಿಬರುವ ಎರೆಹುಳುವನ್ನು ಅನೇಕ ಮೀನುಗಳು ಆ ದಿನಗಳಲ್ಲಿ ಸಹಜವಾಗಿಯೇ ತಿನ್ನುತ್ತಿರುತ್ತವೆ.

ಮೂರನೆಯ ಪ್ರಶ್ನೆ, ಎರೆ ಗಾಳದಲ್ಲಿ ನಿಲ್ಲುತ್ತದೆಯೇ ಎಂಬುದು. ಇದಕ್ಕೆ ಕಾವೇರಿ ತೀರದ ಜನ ಕಂಡುಕೊಂಡ ಉತ್ತರ ಬಹಳ ಸೊಗಸಾಗಿದೆ. ಅಲ್ಲಿಯ ಮಶೀರ್ ಮೀನು ಬಂಡೆಗಳ ನಡುವೆ ಭೋರ್ಗರೆಯುವ ಸೆಳವಿನಲ್ಲಿ ಬಾಳುತ್ತದೆ. ದಡದ ಮರಗಳಿಂದ ಉದುರುವ ಹಣ್ಣು, ಪಾಚಿ, ಏಡಿ, ಬಸವನಹುಳು, ಸಣ್ಣ ಮೀನು ಎಲ್ಲವನ್ನೂ ತಿನ್ನುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನೊಳಗಿನ ಹಲ್ಲುಗಳಿಂದಲೇ ಏಡಿಯ ಚಿಪ್ಪನ್ನು ಪುಡಿಮಾಡುತ್ತದೆ. ಆ ಸೆಳವಿನಲ್ಲಿ ಮೆದುವಾದ ಹಿಟ್ಟು ಒಂದು ನಿಮಿಷವೂ ಉಳಿಯದು. ಉಳಿದರೂ ಪುಡಿ ಮೀನುಗಳು ಕಿತ್ತು ತಿಂದುಬಿಡುತ್ತವೆ. ಆದುದರಿಂದ ರಾಗಿಹಿಟ್ಟನ್ನು ಕಲಸಿ ಉಂಡೆ ಮಾಡಿ, ನೀರಿನಲ್ಲಿ ಬೇಯಿಸಿ, ಮತ್ತೆ ಚೆನ್ನಾಗಿ ನಾದುತ್ತಾರೆ. ಹಾಗೆ ಮಾಡಿದ ಉಂಡೆ ರಬ್ಬರಿನಂತೆ ಗಟ್ಟಿಯಾಗಿ ಗಾಳವನ್ನು ಅಪ್ಪಿಕೊಳ್ಳುತ್ತದೆ. ನಿಂಬೆಹಣ್ಣಿನ ಗಾತ್ರವೋ ಅದಕ್ಕಿಂತ ದೊಡ್ಡದೋ ಆದ ಈ ಉಂಡೆಯನ್ನು ನುಂಗುವ ಶಕ್ತಿ ದೊಡ್ಡ ಮೀನಿಗೆ ಮಾತ್ರ. ಹೀಗೆ ನಮ್ಮ ಮನೆಯ ಮುದ್ದೆಯ ರಾಗಿಯೇ, ಬೇಡದ ಮೀನನ್ನು ದೂರವಿಟ್ಟು ಬೇಕಾದ ಮೀನನ್ನು ಕರೆಯುವ ಎರೆಯಾಯಿತು.

ಕಾವೇರಿಯ ಮಶೀರ್ ಅಲ್ಪಸ್ವಲ್ಪದ ಮೀನಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿಯ ಉಪನದಿಯಾದ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಮೂವರು ಯುವಕರು ಈ ಮೀನನ್ನು ಹುಡುಕಿಕೊಂಡು ಬಂದು ಹಿಡಿದ ಮೇಲೆ ಹೊರದೇಶಗಳ ಗಾಳಗಾರರು ಕಾವೇರಿಗೆ ಬರತೊಡಗಿದರು. ಭೀಮೇಶ್ವರಿ, ಗಾಲಿಬೋರೆ ಮುಂತಾದ ಕಡೆ ಬಿಡಾರಗಳೆದ್ದವು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನದಿಗೇ ಬಿಡಬೇಕೆಂಬುದು ಅಲ್ಲಿಯ ನಿಯಮವಾಗಿತ್ತು.

ಈ ಲೆಕ್ಕದ ಪುಸ್ತಕಗಳೇ ಮುಂದೆ ದೊಡ್ಡ ಸತ್ಯವೊಂದನ್ನು ಹೊರಗೆಡಹಿದವು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಕ್ಕೆ ಬಂದ ಆರು ಸಾವಿರಕ್ಕೂ ಹೆಚ್ಚು ಮಶೀರ್‌ಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಿಕ್ಕ ಮೀನುಗಳ ಒಟ್ಟು ಸಂಖ್ಯೆ ಏರುತ್ತಲೇ ಇತ್ತು. ಮೇಲುನೋಟಕ್ಕೆ ಇದು ಸಂತೋಷದ ಸುದ್ದಿ. ಆದರೆ ಏರಿದ್ದು ನೀಲಿ ರೆಕ್ಕೆಯ ಮಶೀರ್. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಸಾಕಿದ ಅದರ ಮರಿಗಳನ್ನು ತಂದು ಕಾವೇರಿಗೆ ಬಿಡಲಾಗಿತ್ತು. ಕಾವೇರಿಯದೇ ಆದ, ಕಿತ್ತಳೆ ಬಣ್ಣದ ರೆಕ್ಕೆಯ, ಡುಬ್ಬದ ಬೆನ್ನಿನ ಹಳೆಯ ಮಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತ್ತು. ಈ ಮೀನಿಗೆ ಅದರ ಸರಿಯಾದ ಶಾಸ್ತ್ರೀಯ ಹೆಸರು 'ಟಾರ್ ರೇಮಾದೇವಿಯೈ' ಎಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ದೊರೆಯುವ ಹೊತ್ತಿಗೆ ಮೀನೇ ಇಲ್ಲವಾಗುವ ಸ್ಥಿತಿ!

ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು ಇವೂ ಅದರ ಅವನತಿಗೆ ಸೇರಿವೆ. ಸಿಡಿಮದ್ದಿಗೆ ಎರೆಯ ವಿಚಾರವೇ ಬೇಡ. ಯಾವ ಮೀನು, ಎಷ್ಟು ದೊಡ್ಡದು, ಮೊಟ್ಟೆಯಿದೆಯೇ, ಮರಿಯೇ ಎಂದು ಅದು ಕೇಳುವುದಿಲ್ಲ, ಮಡುವಿನಲ್ಲಿರುವುದನ್ನೆಲ್ಲ ಕೊಲ್ಲುತ್ತದೆ. ತಾತ ನನ್ನನ್ನು ಕೇಳಿದ "ಯಾವ ಮೀನ್ಗೆ?" ಎಂಬ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಇಲ್ಲಿ. ಎರೆಯನ್ನು ಆರಿಸುವವನು ಮೀನನ್ನೂ ಆರಿಸುತ್ತಾನೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಹಿಡಿಯಬಾರದು ಎಂಬ ವಿವೇಕಕ್ಕೆ ಅಲ್ಲಿ ಎಡೆಯುಂಟು.

ಗಾಳ ಹಾಕುವ ಆಸೆಯಿರುವ ಗೆಳೆಯರು ಕೆರೆಯ ಗುತ್ತಿಗೆದಾರರ ಅಪ್ಪಣೆ ಪಡೆದು ಹೋಗಲಿ. ಅಭಯಾರಣ್ಯದ ನದಿಯನ್ನೂ ದೇವಸ್ಥಾನದ ಮಡುವನ್ನೂ ಬಿಟ್ಟುಬಿಡಲಿ. ಮರಿ ಸಿಕ್ಕರೆ ಒದ್ದೆ ಕೈಯಿಂದ ಹಿಡಿದು ಮೆಲ್ಲನೆ ನೀರಿಗೆ ಸೇರಿಸಲಿ. ರಜೆ ಮುಗಿಯುವ ಮುನ್ನ ನಾನೂ ಹಿಂಡಿಯ ಉಂಡೆ ಕಟ್ಟಿಕೊಂಡು, ಬೆಂಡನ್ನು ಕೆಳಗಿಳಿಸಿ ಮತ್ತೊಮ್ಮೆ ಅದೇ ಕೆರೆಗೆ ಹೋದೆ. ಸಂಜೆಗೆ ಒಂದು ಕಾಟ್ಲಾ ಸಿಕ್ಕಿತು. ತಾತನಿಗೆ ತೋರಿಸಿದೆ. ಅವರು ಮೀನನ್ನು ನೋಡಲಿಲ್ಲ, "ಎರೆ ಏನಾಕಿದ್ದೆ?" ಎಂದು ಕೇಳಿದರು.